ಇಲ್ಲದ ಮೂರು ಬೆರಳು

ಕೈ ಹೊರಡುವುದಕ್ಕೆ ಮೊದಲೇ ಅದು ಎಲ್ಲಿಗೆ ಹೊರಟಿದೆ ಎಂಬುದು ಯಂತ್ರಕ್ಕೆ ಗೊತ್ತಾಗಿಬಿಟ್ಟರೆ?

ಹುಬ್ಬಳ್ಳಿಯ ಆ ಡಬ್ಬಿ ಕಾರ್ಖಾನೆಯಲ್ಲಿ ಯಾರಾದರೂ ಹೀಗೆ ಕೇಳಿದ್ದರೆ ಮೊದಲು ಎಲ್ಲರೂ ನಕ್ಕುಬಿಡುತ್ತಿದ್ದರು. ಅಲ್ಲಿಯ ಪ್ರೆಸ್ಸುಗಳಿಗೆ ಗೊತ್ತಿದ್ದದ್ದು ಒಂದೇ ಕೆಲಸ. ಕಾಲಿನ ಪೆಡಲ್ ಒತ್ತಿದರೆ ಮೇಲಿನ ಅಚ್ಚು ಧಡ್ಡನೆ ಕೆಳಗೆ ಬರಬೇಕು, ಕೆಳಗಿನ ಅಚ್ಚಿನ ಮೇಲಿಟ್ಟ ಸ್ಟೀಲ್ ಹಾಳೆ ಡಬ್ಬಿಯ ಮುಚ್ಚಳವಾಗಬೇಕು. ನಡುವೆ ಬರೀ ಹಾಳೆ ಇದೆಯೋ, ಹಾಳೆಯ ಜೊತೆ ಯಾರದಾದರೂ ಬೆರಳೂ ಇದೆಯೋ ಎಂದು ವಿಚಾರಿಸುವ ಗೋಜಿಗೆ ಅವು ಹೋದದ್ದೇ ಇಲ್ಲ. ಫಕೀರವ್ವನ ಬಲಗೈಯ ನಡುಬೆರಳು, ಉಂಗುರ ಬೆರಳು, ಕಿರುಬೆರಳು ಮೂರೂ ನಾಲ್ಕನೆಯ ಪ್ರೆಸ್ಸಿನಲ್ಲಿ ಹೋದದ್ದು ಹಾಗೆಯೇ. ಉಳಿದ ಎರಡು ಬೆರಳಿನಲ್ಲಿ ಕಸಬರಿಗೆ ಹಿಡಿಯಬಹುದು ಎಂಬುದನ್ನು ಕಾರ್ಖಾನೆಯವರು ಬಹುಬೇಗ ಕಂಡುಕೊಂಡರು. ಅಂದಿನಿಂದ ಆರು ವರ್ಷ ಅವಳು ಅದೇ ಷೆಡ್ಡಿನಲ್ಲಿ ಕಸ ಗುಡಿಸುತ್ತಿದ್ದಳು. ನಾಲ್ಕನೆಯ ಪ್ರೆಸ್ಸಿನ ಮುಂದೆ ಈಗ ಕೂಡುತ್ತಿದ್ದವಳು ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಇಂದ್ರವ್ವ.

ಧಾರವಾಡದ ಪ್ರಯೋಗಾಲಯದಿಂದ ತಬಸ್ಸುಮ್ ಮುಲ್ಲಾ ಎಂಬ ಎಂಜಿನಿಯರ್ ಒಂದು ಪೆಟ್ಟಿಗೆ ತುಂಬ ರಬ್ಬರ್ ಪಟ್ಟಿಗಳನ್ನು ಹೊತ್ತು ತಂದಾಗ ಷೆಡ್ಡಿನ ಹೆಂಗಸರು ಅವಕ್ಕೆ ಕಡಗ ಎಂದು ಹೆಸರಿಟ್ಟರು. ಮುಂಗೈಗೆ ಕಟ್ಟಿಕೊಳ್ಳುವ ವಸ್ತುವಿಗೆ ಬೇರೆ ಏನೆನ್ನಬೇಕು? ತಬಸ್ಸುಮ್ ಕೂಡ ಒಂದೆರಡು ದಿನ ಅದರ ಉದ್ದುದ್ದ ಹೆಸರನ್ನು ಹೇಳಿ ನೋಡಿ, ಸೋತು, ಕಡಗ ಎನ್ನತೊಡಗಿದಳು. ಬೆರಳನ್ನು ಆಡಿಸುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿ ಇಲ್ಲ, ಮುಂಗೈಯಲ್ಲಿವೆ. ಸೂತ್ರದ ಗೊಂಬೆಯ ದಾರಗಳು ಮೇಲೆ ಕೂತವನ ಕೈಯಲ್ಲಿ ಇರುವಂತೆ. ಮಿದುಳಿನ ಅಪ್ಪಣೆ ಮುಂಗೈಗೆ ಬಂದು, ಸ್ನಾಯು ಬಿಗಿದು, ಬೆರಳು ಅಲುಗುವ ಮುನ್ನ ರೆಪ್ಪೆ ಬಡಿಯುವುದಕ್ಕಿಂತಲೂ ಚಿಕ್ಕದಾದ ಒಂದು ಸಂದಿ ಇರುತ್ತದೆ. ಆ ಸಂದಿಯಲ್ಲಿ ಕಡಗ ಅಪ್ಪಣೆಯನ್ನು ಕೇಳಿಸಿಕೊಳ್ಳುತ್ತದೆ. ಕೈ ಅಚ್ಚಿನೊಳಕ್ಕೆ ಹೊರಟಿದೆ ಎಂದು ಅದಕ್ಕೆ ಅನ್ನಿಸಿದರೆ ಪ್ರೆಸ್ಸಿಗೆ ಹೊಸದಾಗಿ ಕೂಡಿಸಿದ ಬ್ರೇಕ್ ಬೀಳುತ್ತದೆ, ಅಚ್ಚು ನಡುದಾರಿಯಲ್ಲೇ ನಿಲ್ಲುತ್ತದೆ.

ಆದರೆ ಕೆಮ್ಮುವುದು, ಸೆರಗು ಸರಿಮಾಡುವುದು, ಬೆವರು ಒರೆಸುವುದು, ಇವಕ್ಕೆಲ್ಲ ಪ್ರೆಸ್ಸು ನಿಂತರೆ ಸಂಜೆಯವರೆಗೆ ಹತ್ತು ಮುಚ್ಚಳವೂ ಆಗಲಿಕ್ಕಿಲ್ಲ. ಯಾವುದು ಕೆಡುಕಿನ ಚಲನೆ, ಯಾವುದು ಅಲ್ಲ ಎಂದು ಕಡಗ ಕಲಿಯಬೇಕು. ಅದಕ್ಕಾಗಿ ಹೆಂಗಸರು ಕಡಗ ಕಟ್ಟಿಕೊಂಡು ಹದಿನೈದು ದಿನ ದುಡಿದರು. ಸೂಪರ್‌ವೈಸರ್ ಹೊಸಮನಿ ಬೆನ್ನ ಹಿಂದೆಯೇ ತಿರುಗಾಡುತ್ತಿದ್ದ. ಅಚ್ಚಿಗೆ ಅಂಟಿದ ತುಂಡನ್ನು ಕೊಕ್ಕೆಯಿಂದಲೇ ತೆಗೆಯಬೇಕು, ಕೈ ಹಾಕಬಾರದು ಎಂಬುದು ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದ ನಿಯಮ. ಹೆಣ್ಣು ನೋಡಲು ಬೀಗರು ಬಂದ ದಿನದ ಹುಡುಗಿಯರಂತೆ ಎಲ್ಲರೂ ತಲೆತಗ್ಗಿಸಿ ಕೊಕ್ಕೆ ಹಿಡಿದರು. ಕಡಗ ಚೆನ್ನಾಗಿ ಕಲಿಯಿತು ಎಂದು ತಬಸ್ಸುಮ್ ಖುಷಿಪಟ್ಟಳು.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿದ ಹೊತ್ತಿನಲ್ಲಿ ಇಂದ್ರವ್ವ ತನ್ನ ಕಡಗವನ್ನು ಬಿಚ್ಚಿ ಫಕೀರವ್ವನ ಬಲ ಮುಂಗೈಗೆ ಕಟ್ಟಿದಳು.

"ಯಕ್ಕಾ, ನಿನ್ನ ಕೈಗೂ ಒಂದ್ ಕಡಗ ಇರ್ಲಿ ತಗೋ. ನಮ್ಮ ಭಾವ ಅಂತೂ ಮಾಡಿಸಿ ಹಾಕಂಗಿಲ್ಲ."

ಫಕೀರವ್ವ ನಗುತ್ತ ಕೈಯನ್ನು ಅತ್ತಿತ್ತ ತಿರುಗಿಸಿ ತೋರಿಸಿದಳು. ಮೂಲೆಯ ಮೇಜಿನ ಮೇಲೆ ತಬಸ್ಸುಮ್‌ಳ ಲ್ಯಾಪ್‌ಟಾಪ್ ತೆರೆದೇ ಇತ್ತು. ಯಾರ ಕಡಗ ಏನು ಕೇಳಿಸಿಕೊಳ್ಳುತ್ತಿದೆಯೋ ಅದರಿಂದ ಅದು ಒಂದು ಕೈಯ ಚಿತ್ರ ಬರೆಯುತ್ತಿತ್ತು. ರೊಟ್ಟಿ ಮುರಿಯುತ್ತಿದ್ದ ತಬಸ್ಸುಮ್ ಅತ್ತ ನೋಡಿದವಳು ತುತ್ತನ್ನು ಬಾಯಿಗೆ ಒಯ್ಯುವುದನ್ನೇ ಮರೆತಳು. ಪರದೆಯ ಮೇಲೆ ಒಂದು ಬಲಗೈ ಅತ್ತಿತ್ತ ತಿರುಗುತ್ತಿತ್ತು. ಅದಕ್ಕೆ ಐದು ಬೆರಳಿದ್ದವು.

"ಫಕೀರವ್ವಾರ, ಇಲ್ಲೆ ಬರ್ರಿ. ಕಡಗ ಬಿಚ್ಚಬ್ಯಾಡ್ರಿ."

ಫಕೀರವ್ವ ಹೋಗಿ ನೋಡಿದಳು. ಶಾಲೆಯ ಟೀಚರನ್ನು ಕರೆಯುವಂತೆ ತಬಸ್ಸುಮ್‌ಳನ್ನು ಅವಳು ಅಕ್ಕೋರು ಎಂದೇ ಕರೆಯುತ್ತಿದ್ದಳು. "ಯಾರ ಕೈ ಅಕ್ಕೋರ ಇದು?"

"ನಿಮ್ದ."

"ನನ್ನ ಕೈ ಇಲ್ಲೈತಲ್ರೀ," ಎಂದು ಫಕೀರವ್ವ ತನ್ನ ಮೊಂಡು ಕೈಯನ್ನು ಮುಂದೆ ಚಾಚಿದಳು. ಪರದೆಯ ಕೈಯೂ ಮುಂದೆ ಬಂತು. ತೋರುಬೆರಳು ಆಡಿಸಿದಳು, ಅದೂ ಆಡಿಸಿತು. ಆಮೇಲೆ ಅವಳ ಕಣ್ಣು ಉಳಿದ ಮೂರರ ಮೇಲೆ ಬಿತ್ತು. ಅವು ಒಳಗೆ ಮುದುಡಿ ಅಂಗೈಯನ್ನು ಕಚ್ಚಿ ಹಿಡಿದಿದ್ದವು. ಆರು ವರ್ಷದಿಂದ ಹಗಲೂ ರಾತ್ರಿ ತನಗೆ ಅನ್ನಿಸುತ್ತಿದ್ದದ್ದು ಇದೇ. ಉಗುರುಗಳು ಅಂಗೈಗೆ ಇಳಿದಂತೆ, ಬಿಚ್ಚಲು ನೋಡಿದರೂ ಬಿಚ್ಚದಂತೆ, ಹೀಗೆಯೇ.

"ನೋಯ್ತಾವೇನ್ರಿ?" ತಬಸ್ಸುಮ್ ಮೆಲ್ಲಗೆ ಕೇಳಿದಳು.

"ಇಲ್ಲದ್ದು ನೋಯ್ತೈತಿ ಅಂದ್ರ ಯಾರು ನಂಬ್ತಾರ್ರೀ? ದವಾಖಾನ್ಯಾಗ ಹೇಳಿ ನಗಿಸಿಕೊಂಡು ಬಂದೀನಿ," ಎಂದು ಫಕೀರವ್ವ ಪರದೆಯನ್ನು ಮುಟ್ಟಿದಳು. "ಅದಾವಲ್ರೀ ಅಕ್ಕೋರ. ಅಲ್ಲೇ ಅದಾವಲ್ಲಾ."

ಬುತ್ತಿ ಬಿಟ್ಟು ಹೆಂಗಸರೆಲ್ಲ ಸುತ್ತ ನೆರೆದರು. ಬೆರಳು ಹೋದರೂ ಅದರ ದಾರಗಳನ್ನು ಎಳೆಯುವವನು ಮುಂಗೈಯಲ್ಲಿ ಕೂತೇ ಇದ್ದಾನೆ, ತನ್ನ ಗೊಂಬೆ ಹೋದ ಸುದ್ದಿ ಅವನಿಗೆ ಇನ್ನೂ ಮುಟ್ಟಿಲ್ಲ, ಎಂದು ತಬಸ್ಸುಮ್ ವಿವರಿಸಿದಳು. ಅವಳಿಗೂ ಅದು ಪುಸ್ತಕದಲ್ಲಿ ಓದಿ ಗೊತ್ತಿದ್ದ ವಿಷಯವೇ. ಕಣ್ಣಾರೆ ಕಂಡದ್ದು ಮಾತ್ರ ಇದೇ ಮೊದಲು.

ಸಂಜೆ ಗಂಡ ಮೈಲಾರಪ್ಪ ತನ್ನ ಟಂಟಂ ಆಟೋ ನಿಲ್ಲಿಸಿ ಬಂದು ಊಟಕ್ಕೆ ಕೂತಾಗ ಫಕೀರವ್ವ ಹೇಳಿಯೇಬಿಟ್ಟಳು.

"ಇವತ್ತ ನನ್ನ ಬೆರಳು ನೋಡಿದ್ನಿ."

"ಎಲ್ಲಿದ್ವಂತ?"

"ಕಂಪ್ಯೂಟರಿನ್ಯಾಗ."

ಅವನು ಪಲ್ಯ ಕಲಸುತ್ತ ಕೇಳಿದ. "ಉಂಗರ ಇತ್ತೇನ?"

ಅವನದು ಯಾವಾಗಲೂ ಹೀಗೇ, ತಮಾಷೆಯೋ ನಿಜವೋ ತಿಳಿಯುವಂತಿಲ್ಲ. ಮದುವೆಯಲ್ಲಿ ಹಾಕಿದ ಬೆಳ್ಳಿಯ ಉಂಗುರ ಆ ಬೆರಳಿನ ಜೊತೆಗೇ ಹೋಗಿತ್ತು.

"ಉಂಗರ ಇರ್ಲಿಲ್ಲ. ಬೆರಳ ಅಷ್ಟ ಇದ್ವು. ಮುಷ್ಟಿ ಹಿಡದಾವ್ರೀ, ಬಿಡವಲ್ವು."

ಮೈಲಾರಪ್ಪ ಊಟ ಮುಗಿಸಿ, ಕೊಬ್ಬರಿ ಎಣ್ಣೆಯ ಬಾಟಲಿ ತಂದು, ದಿನವೂ ಮಾಡುವಂತೆ ಅವಳ ಮೊಂಡು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕತೊಡಗಿದ. ಇವತ್ತು ಅವನ ಹೆಬ್ಬೆರಳು ಮೊಂಡಿನ ತುದಿಗೇ ನಿಲ್ಲಲಿಲ್ಲ. ಅದರಾಚೆಗೆ, ಏನೂ ಇಲ್ಲದ ಜಾಗದಲ್ಲಿ, ಬೆರಳಿನ ಉದ್ದಕ್ಕೂ ಸವರಿಕೊಂಡು ಹೋಯಿತು. ಫಕೀರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ತಬಸ್ಸುಮ್ ಅವಳನ್ನು ಧಾರವಾಡಕ್ಕೆ ಕರೆಸಿಕೊಂಡಳು. ಪ್ರಯೋಗಾಲಯ ಎಂದರೆ ಏನೇನೋ ಇರಬಹುದು ಎಂದುಕೊಂಡು ಹೊಸ ಸೀರೆ ಉಟ್ಟು ಹೋದ ಫಕೀರವ್ವನಿಗೆ ಅಲ್ಲಿ ಕಂಡದ್ದು ಎರಡು ಮೇಜು, ಒಂದಿಷ್ಟು ತಂತಿ, ಗಲಾಟೆ ಮಾಡುವ ಒಂದು ಫ್ಯಾನು. ತಬಸ್ಸುಮ್ ಮೂರು ಬೆರಳನ್ನು ಹೇಗಾದರೂ ಬಿಚ್ಚಿಸಬಹುದೇ ಎಂದು ನೋಡಿದಳು. ಫಕೀರವ್ವ ಬೆವರುವಷ್ಟು ಪ್ರಯತ್ನಪಟ್ಟರೂ ಪರದೆಯ ಮೇಲಿನ ಮುಷ್ಟಿ ಸಡಿಲವಾಗಲಿಲ್ಲ. ಕಡೆಗೆ ತಬಸ್ಸುಮ್ ಕಾರ್ಖಾನೆಯಲ್ಲಿ ರೆಕಾರ್ಡ್ ಮಾಡಿದ್ದ ಪ್ರೆಸ್ಸಿನ ಸದ್ದನ್ನು ಹಚ್ಚಿದಳು. ಕೆಲಸದ ನೆನಪಿನಲ್ಲಾದರೂ ಕೈ ಅಲುಗಲಿ ಎಂಬುದು ಅವಳ ಲೆಕ್ಕಾಚಾರ.

ಧಡ್. ಧಡ್. ಫಕೀರವ್ವನ ಬಲಗಾಲು ತಾನಾಗಿ ನೆಲವನ್ನು ಒತ್ತತೊಡಗಿತು. ಪರದೆಯ ಮೇಲೆ ಉಂಗುರ ಬೆರಳು ಮತ್ತು ಕಿರುಬೆರಳು ಮುಷ್ಟಿಯಿಂದ ಸರಕ್ಕನೆ ಹೊರಬಿದ್ದು, ಏನನ್ನೋ ಚಿಮ್ಮಿ, ಮತ್ತೆ ಮುಷ್ಟಿಯಾದವು. ಮುಂದಿನ ಧಡ್‌ಗೆ ಮತ್ತೆ ಅದೇ. ಎಲ್ಲ ಏಟಿನ ನಡುವೆಯೂ ಅದೇ.

"ಏನಿದು?" ಎಂದಳು ತಬಸ್ಸುಮ್.

ಫಕೀರವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅವಳಿಗೇ ಅದು ಮರೆತುಹೋಗಿತ್ತು. "ಯವ್ವಾ, ಚಿಮ್ಮಾಕತ್ತಾವ್ರೀ! ತುಂಡ ಅಂಟಿರತೈತಲ್ರೀ ಅಚ್ಚಿಗೆ, ಅದನ್ನ ಚಿಮ್ಮೂದು."

"ಅದಕ್ಕ ಕೊಕ್ಕೆ ಅದ ಅಲ್ಲ?"

"ಕೊಕ್ಕಿ ತಗೊಂಡ, ಎಬ್ಬಿಸಿ, ಕೆಳಗಿಟ್ಟ, ಮತ್ತ ಹಾಳಿ ಇಡೂದ್ರಾಗ ಕತ್ತಲಾಗ್ತೈತಿ ಅಕ್ಕೋರ. ಕಾಲು ಪೆಡಲ್ ಒತ್ತಾಕ ಹತ್ತಿರ್ತೈತಿ, ಅಷ್ಟರಾಗ ಎರಡ ಬೆರಳ ಹೋಗಿ ಬಂದಬಿಡ್ತಾವು. ಅವತ್ತ ತಡಾ ಆತು, ನಡುಬೆರಳೂ ಜೋಡಿ ಹೋತು. ಎಲ್ಲಾರೂ ಮಾಡ್ತಾರ. ಇಂದ್ರವ್ವನೂ ಮಾಡ್ತಾಳ."

"ನಾ ಇದ್ದಾಗ ಯಾರೂ ಮಾಡ್ಲಿಲ್ಲ."

"ನೀವು ಇದ್ರಿ, ಅದಕ್ಕ ಮಾಡ್ಲಿಲ್ಲ," ಎಂದಳು ಫಕೀರವ್ವ, ಅದರಲ್ಲಿ ಹೇಳಲಿಕ್ಕೇನಿದೆ ಎಂಬಂತೆ.

ತಬಸ್ಸುಮ್ ಫ್ಯಾನು ಆರಿಸಿ ಬಂದು ಕೂತಳು. ಹದಿನೈದು ದಿನ ಕಡಗ ಕಲಿತದ್ದು ಬೀಗರ ಮುಂದಿನ ನಡವಳಿಕೆಯನ್ನು. ಬೆರಳನ್ನು ತಿನ್ನುವ ಚಲನೆ ಯಾವುದೋ ಅದನ್ನು ಮಾತ್ರ ಅದು ಒಮ್ಮೆಯೂ ನೋಡಿಲ್ಲ. ನೋಡದ್ದನ್ನು ಅದು ಬೆವರು ಒರೆಸುವ ಲೆಕ್ಕಕ್ಕೆ ಸೇರಿಸಿ ಸುಮ್ಮನಿರುತ್ತದೆ. ಬರುವ ಸೋಮವಾರದಿಂದ ಷೆಡ್ಡಿನಲ್ಲಿ ಎಲ್ಲರಿಗೂ ಕಡಗ. ಯಂತ್ರ ನಿಲ್ಲುತ್ತದೆ ಎಂಬ ಧೈರ್ಯದಲ್ಲಿ ಇಂದ್ರವ್ವ ಇನ್ನಷ್ಟು ಜೋರಾಗಿ ಚಿಮ್ಮುತ್ತಾಳೆ, ಯಂತ್ರ ನಿಲ್ಲುವುದಿಲ್ಲ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಇಬ್ಬರ ಮುಖವೂ ಸಪ್ಪಗಾಗಿತ್ತು.

ಮರುದಿನ ತಬಸ್ಸುಮ್ ಇಂದ್ರವ್ವನನ್ನು ನಿಂತ ಪ್ರೆಸ್ಸಿನ ಮುಂದೆ ಕೂರಿಸಿ ಚಿಮ್ಮಿಸಿದಳು. ಪರದೆಯ ಮೇಲೆ ಬಂದದ್ದು ಜೀವವಿಲ್ಲದ ಸೊಟ್ಟ ಗೆರೆ. ಪ್ರೆಸ್ಸು ನಿಂತಿದೆ ಎಂದು ಕೈಗೆ ಗೊತ್ತು. ಅದಕ್ಕೆ ಅವಸರವಿಲ್ಲ, ಒಳಗಿನ ಅಳುಕು ಇಲ್ಲ. ಓಡುವ ಪ್ರೆಸ್ಸಿನಲ್ಲಿ ಚಿಮ್ಮು ಎಂದು ಹೇಳಲು ತಬಸ್ಸುಮ್‌ಗೆ ಬಾಯಿ ಬರಲಿಲ್ಲ. ಅದಲ್ಲದೆ ಕಡಗಕ್ಕೆ ಮುಖ್ಯವಾಗಿ ಬೇಕಾಗಿದ್ದದ್ದು ಹೋಗಿ ಬಂದ ಬೆರಳಿನ ಪಾಠವಲ್ಲ, ತಡವಾಗಿ ಹೋದ ಬೆರಳಿನ ಪಾಠ. ಅದನ್ನು ಸಾವಿರ ಸಲ ಕೊಡುವ ಕೈ ಭೂಮಿಯ ಮೇಲೆ ಎಲ್ಲಿ ಸಿಗಬೇಕು? ಹೊಸಮನಿಗೆ ಹೇಳಿದರೆ, "ಸೋಮವಾರಕ್ಕ ಸುರು ಆಗ್ಲಿಲ್ಲಂದ್ರ ನಿಮ್ಮ ಪೆಟಗಿ ತಗೊಂಡ ಹೋಗ್ರಿ ಮೇಡಂ, ನಮ್ಮ ಆರ್ಡರು ನಿಂತಾವು" ಎಂದುಬಿಟ್ಟ.

ಕಸಬರಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದ ಫಕೀರವ್ವ, ಅವನು ಅತ್ತ ಹೋದ ಮೇಲೆ ಕೇಳಿದಳು. "ಅಕ್ಕೋರ, ನನ್ನವು ಮತ್ತ ಹೋಗ್ತಾವೇನ್ರೀ?"

"ಏನು?"

"ಆ ಮೂರು. ಒಮ್ಮೆ ಹೋಗ್ಯಾವು. ಇನ್ನ ಪ್ರೆಸ್ಸು ಅವಕ್ಕೇನು ಮಾಡೀತು? ಒಳಗ ಬಿಡ್ತೀನಿ, ಕಡಗ ಕಲ್ಕೊಳ್ಳಿ."

ತಬಸ್ಸುಮ್‌ಗೆ ಹಿಂದಿನ ದಿನವೇ ಇದು ಹೊಳೆದಿತ್ತು. ಹೊಳೆದದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಗಿ ಯಾರಿಗೂ ಹೇಳಿರಲಿಲ್ಲ. "ನೋವು ಖರೇನ ಆಗ್ತದ ಫಕೀರವ್ವಾರ. ಬೆರಳು ಇಲ್ಲಂದ್ರೂ."

"ಗೊತ್ತೈತ್ರೀ. ನನಗ ಬಿಟ್ಟು ಯಾರಿಗೆ ಗೊತ್ತಿರ್ಬೇಕು?"

ನಾಲ್ಕನೆಯ ಪ್ರೆಸ್ಸಿನ ಬಾಯಿಗೆ ಒಂದು ದಪ್ಪ ತಗಡನ್ನು ಬೋಲ್ಟ್ ಹಾಕಿ ಬಿಗಿದರು. ಫಕೀರವ್ವ ಆರು ವರ್ಷದ ಮೇಲೆ ತನ್ನ ಹಳೆಯ ಸ್ಟೂಲಿನಲ್ಲಿ ಕೂತು, ಮೊಂಡು ಕೈಯನ್ನು ತಗಡಿಗೆ ಒತ್ತಿ ಹಿಡಿದಳು. ತಗಡಿನ ಈಚೆಗೆ ಇದ್ದ ಕೈ, ಆಚೆಗೆ ಇಲ್ಲದ ಬೆರಳು. ಬ್ರೇಕನ್ನು ತಬಸ್ಸುಮ್ ಬೇಕೆಂದೇ ಕಳಚಿಟ್ಟಿದ್ದಳು. ಅಚ್ಚು ನಿಲ್ಲುತ್ತದೆ ಎಂದು ತಿಳಿದರೆ ಕೈಗೆ ಆ ಅವಸರ ಬರುವುದಿಲ್ಲ. ಮೋಟರು ಗುಂಯ್‌ಗುಟ್ಟಿತು. ಫಕೀರವ್ವ ಪೆಡಲ್ ಒತ್ತಿದಳು.

ಮೇಲಿನ ಅಚ್ಚು ಬಿತ್ತು. ಅವಳು ಹಲ್ಲು ಕಚ್ಚಿದಳು, ಕುತ್ತಿಗೆಯ ನರ ಎದ್ದವು. ಪರದೆಯ ಮೇಲೆ ಒಂದು ಗೆರೆ ಚಂಗನೆ ಮೇಲೆದ್ದು ಒಡೆದು ಚೂರಾಯಿತು. ಅಂಥ ಗೆರೆಯನ್ನು ತಬಸ್ಸುಮ್ ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಬಹುಶಃ ಲೋಕದಲ್ಲಿ ಯಾರೂ ಕಂಡಿರಲಿಲ್ಲ. ಜಗತ್ತಿನ ಎಲ್ಲ ಕಾರ್ಖಾನೆಗಳಲ್ಲಿ ಎಷ್ಟೋ ಕೈಗಳು ಕೊನೆಯ ಆ ಕ್ಷಣದಲ್ಲಿ ಹೇಳಿದ ಮಾತು ಇದು, ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

"ಸಾಕೇನ್ರಿ ಅಕ್ಕೋರ?"

"ಇಲ್ರೀ, ಇನ್ನ ಭಾಳ ಬೇಕು. ಆದ್ರ ನೀವು ಬ್ಯಾಡಂದ್ರ..."

"ನೀವು ಯಂತ್ರ ನೋಡ್ರಿ ಅಕ್ಕೋರ, ನನ್ನ ಮಾರಿ ನೋಡಬ್ಯಾಡ್ರಿ."

ಶುಕ್ರವಾರದಿಂದ ಭಾನುವಾರದವರೆಗೆ ಅವಳು ಕೂತಳು. ಷೆಡ್ಡಿನ ಹೆಂಗಸರಿಗೆ ಮೊದಮೊದಲು ಅದು ಹುಚ್ಚಾಟದಂತೆ ಕಂಡಿತು. ಖಾಲಿ ಅಚ್ಚು ಖಾಲಿ ಅಚ್ಚಿನ ಮೇಲೆ ಬೀಳುತ್ತದೆ, ಒಬ್ಬ ಹೆಂಗಸು ತಗಡಿಗೆ ಕೈ ಒತ್ತಿ ಕಣ್ಣೀರು ಸುರಿಸುತ್ತಾಳೆ. ಆದರೆ ಪರದೆಯನ್ನು ಒಮ್ಮೆ ನೋಡಿದವರು ಮತ್ತೆ ಹಾಗೆ ಅನ್ನಲಿಲ್ಲ. ಅಲ್ಲಿ ಆ ಎರಡು ಬೆರಳು ತಗಡನ್ನು ಹಾದು ಒಳಗೆ ಹೋಗುತ್ತಿದ್ದವು, ಜಜ್ಜಿಹೋಗುತ್ತಿದ್ದವು, ಮುಂದಿನ ಏಟಿಗೆ ಮತ್ತೆ ಇಡಿಯಾಗಿ ಹೋಗುತ್ತಿದ್ದವು. ಅವರಲ್ಲಿ ಒಬ್ಬಳು ತನಗೆ ಅರಿವಿಲ್ಲದೆಯೇ ಪರದೆಗೆ ಕೈಮುಗಿದಳು. ಇಂದ್ರವ್ವನಿಗೆ ಮಾತ್ರ ತಡೆಯಲಾಗದೆ ಬಂದು ಫಕೀರವ್ವನ ಭುಜ ಹಿಡಿದು ಅಲುಗಿಸಿದಳು.

"ಏಳ ಯಕ್ಕಾ, ಸಾಕ. ನಾವು ಕೊಕ್ಕಿನ ಹಿಡೀತೀವಿ. ಆಣಿ ಮಾಡ್ತೀನಿ, ಇನ್ನ ಚಿಮ್ಮಂಗಿಲ್ಲ."

"ನಾನೂ ಆಣಿ ಮಾಡಿದ್ನಿ ಬೇ, ನಿಮ್ಮ ಭಾವನ ಮುಂದ," ಎಂದಳು ಫಕೀರವ್ವ. ಅವಳ ದನಿ ಸೋತಿತ್ತು. "ಬೆರಳಿಗೆ ಆಣಿ ಗೊತ್ತಾಗಂಗಿಲ್ಲ. ಆಚಿಗೆ ಸರಿ."

ಸೋಮವಾರ ಬೆಳಿಗ್ಗೆ ಎಲ್ಲರ ಮುಂಗೈಗೆ ಕಡಗ ಬಂತು, ಎಲ್ಲ ಪ್ರೆಸ್ಸಿಗೆ ಬ್ರೇಕು ಕೂಡಿತು. ತಗಡನ್ನು ಬಿಚ್ಚಿ ಬದಿಗಿಟ್ಟು ಇಂದ್ರವ್ವ ನಾಲ್ಕನೆಯ ಪ್ರೆಸ್ಸಿಗೆ ಕೂತಳು. ಹೊಸಮನಿ ಬೆನ್ನ ಹಿಂದೆ ಇರುವವರೆಗೆ ಅವಳ ಕೈಯಲ್ಲಿ ಕೊಕ್ಕೆ ಇತ್ತು. ಅವನಿಗೆ ಫೋನು ಬಂದು ಹೊರಗೆ ಹೋದ. ಮುಚ್ಚಳದ ರಾಶಿ ಏರತೊಡಗಿತು, ಕೆಲಸ ಲಯಕ್ಕೆ ಬಿತ್ತು, ಕೊಕ್ಕೆ ಯಾವಾಗ ಕೆಳಗಿಳಿಯಿತೋ ಇಂದ್ರವ್ವನಿಗೂ ತಿಳಿಯಲಿಲ್ಲ. ಗುಡಿಸುತ್ತಿದ್ದ ಫಕೀರವ್ವ ತಲೆ ಎತ್ತಿದಾಗ ಇಂದ್ರವ್ವನ ಕಾಲು ಪೆಡಲ್ ಒತ್ತಿಯಾಗಿತ್ತು. ಅವಳ ಕಿರುಬೆರಳೂ ಉಂಗುರ ಬೆರಳೂ ಒಳಗೆ ಹೊರಟಿದ್ದವು. ಕೂಗಬೇಕೆಂದು ಫಕೀರವ್ವ ಬಾಯಿ ತೆರೆದಳು.

ಠಕ್ ಎಂದು ಬ್ರೇಕು ಬಿತ್ತು. ಅಷ್ಟು ದೊಡ್ಡ ಕಬ್ಬಿಣದ ತಲೆ ಗಾಳಿಯಲ್ಲಿ ನಿಂತುಬಿಟ್ಟಿತು. ಅದರ ಕೆಳಗೆ, ಒಂದು ರೊಟ್ಟಿಯ ದಪ್ಪದಷ್ಟು ಅಂತರದಲ್ಲಿ, ಎರಡು ಬೆರಳು. ಉಗುರಿಗೆ ಹಚ್ಚಿದ ಮದರಂಗಿ ಕೂಡ ಕಾಣುತ್ತಿತ್ತು.

ಒಂದೊಂದಾಗಿ ಉಳಿದ ಪ್ರೆಸ್ಸುಗಳೂ ನಿಂತವು. ತಬಸ್ಸುಮ್ ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದಳು. ಇಂದ್ರವ್ವ ತನ್ನ ಬೆರಳನ್ನೇ ನೋಡುತ್ತ ಕೂತಿದ್ದಳು, ಹೊರಗೆ ತೆಗೆಯಬೇಕೆಂಬುದೂ ಅವಳಿಗೆ ಹೊಳೆಯಲಿಲ್ಲ. ಫಕೀರವ್ವ ಹೋಗಿ ಅವಳ ಮಣಿಕಟ್ಟು ಹಿಡಿದು ಮೆಲ್ಲಗೆ ಈಚೆಗೆ ಎಳೆದಳು. ಎಲ್ಲ ಬೆರಳನ್ನೂ ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಇಂದ್ರವ್ವ ಅವಳನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತಳು.

ಅತ್ತು ಸಮಾಧಾನವಾದ ಮೇಲೆ ಇಂದ್ರವ್ವ ಸ್ಟೂಲು ಬಿಟ್ಟು ಎದ್ದು, ತನ್ನ ಕಡಗ ಬಿಚ್ಚಿ ಅಕ್ಕನ ಮುಂಗೈಗೆ ಕಟ್ಟಿದಳು. "ನೀ ಕುಂದ್ರ ಯಕ್ಕಾ. ನಿನ್ನವಕ್ಕೂ ನಿಲ್ತೈತೇನ ನೋಡೂಣು."

ಫಕೀರವ್ವ ತಬಸ್ಸುಮ್‌ಳತ್ತ ನೋಡಿದಳು. ತಬಸ್ಸುಮ್ ಆ ದಪ್ಪ ತಗಡನ್ನು ತಂದು ಮತ್ತೆ ಬಿಗಿದಳು. ಬ್ರೇಕನ್ನು ಮಾತ್ರ ಈ ಸಲ ಕಳಚಲಿಲ್ಲ. ಫಕೀರವ್ವ ಕೂತಳು, ಕೈಯನ್ನು ತಗಡಿಗೆ ಒತ್ತಿದಳು, ಪೆಡಲ್ ಒತ್ತಿದಳು. ನೋವಿಗಾಗಿ ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡಳು.

ನೋವು ಬರಲಿಲ್ಲ. ಠಕ್ ಎಂದಿತು. ಅವಳು ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು. ಮೇಲಿನ ಅಚ್ಚು ನಡುದಾರಿಯಲ್ಲಿ ನಿಂತಿತ್ತು. ಅದರ ಕೆಳಗೆ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ತನ್ನ ಬೆರಳುಗಳು ನೆಟ್ಟಗೆ ಚಾಚಿಕೊಂಡಿರುವುದು, ಎಲ್ಲೂ ಜಜ್ಜದೆ, ಮುಷ್ಟಿಯನ್ನೂ ಹಿಡಿಯದೆ ಹಗುರಾಗಿ ಇರುವುದು ಅವಳಿಗೆ ಅನ್ನಿಸುತ್ತಿತ್ತು. ಆರು ವರ್ಷದ ಹಿಂದೆ ಒಳಗೆ ಹೋದ ಕೈ ಇನ್ನೂ ಹಿಂದೆ ಬಂದಿರಲಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು. ಅವಳಿಗೆ ಉಸಿರು ತೆಗೆದುಕೊಳ್ಳಲೂ ಭಯವಾಯಿತು, ಆನಂದವೂ ಆಯಿತು.

ಸದ್ದು ನಿಂತದ್ದು ಕೇಳಿ ಹೊಸಮನಿ ಫೋನು ಕಿವಿಯಲ್ಲೇ ಇಟ್ಟುಕೊಂಡು ಓಡಿಬಂದ. "ಯಾಕ ನಿಂತತಿ ಇದು? ಒಳಗ ಏನೂ ಇಲ್ಲಲಾ!"

"ನನ್ನ ಬೆರಳ ಅದಾವ್ರೀ ಒಳಗ," ಎಂದಳು ಫಕೀರವ್ವ. "ಒಂಚೂರು ತಡೀರಿ, ತಗೀತೀನಿ."

ಹೊಸಮನಿ ಫೋನು ಕೆಳಗಿಳಿಸಿದ. ಅವಳು ಕೈ ತೆಗೆಯುವವರೆಗೂ ಎಲ್ಲರೂ ನಿಂತು ಕಾಯ್ದರು.